ಅಜ್ಜ ಲಾಟೀನು ಆರಿಸುವಾಗ ಗುನುಗುತ್ತಿದ್ದ ರಾಗ: ‘ಲಿಲಿ ಮರ್ಲೀನ್’ ನಿಮ್ಮ ಮನೆಗೂ ಬಂದಿತ್ತಾ?

ಕುಲಶೇಖರದ ಮೊಮ್ಮಗ

ನನ್ನ ಅಜ್ಜನಿಗೆ ಊರಲ್ಲಿ ಇದ್ದ ಹೆಸರು ಮಿಲಿಟ್ರಿ ಅಜ್ಜ. ಎರಡನೇ ಮಹಾಯುದ್ಧದಲ್ಲಿ ಲಾರಿ ಓಡಿಸಿದವರು. ಆಗ ನಮ್ಮ ಮಂಗಳೂರಿನ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸೈನ್ಯಕ್ಕೆ ಸೇರಿ, ಬೊಂಬಾಯಿಯಲ್ಲಿ ಹಡಗು ಹತ್ತಿ, ಈಜಿಪ್ಟಿಗೆ ಹೋದರು. ಮರುಭೂಮಿಯಲ್ಲಿ ನೀರು, ಪೆಟ್ರೋಲು, ರೇಷನ್ ಸಾಗಿಸುವ ಕೆಲಸ. ಯುದ್ಧದ ಕಥೆ ಹೇಳಿ ಅಂತ ನಾವು ಮಕ್ಕಳು ಹಠ ಮಾಡಿದರೆ ಮರಳಿನ ಬಗ್ಗೆ ಹೇಳುತ್ತಿದ್ದರು. ನೊಣಗಳ ಬಗ್ಗೆ ಹೇಳುತ್ತಿದ್ದರು. ಗುಂಡಿನ ಬಗ್ಗೆ ಒಂದು ಮಾತೂ ಇಲ್ಲ.

ಆದರೆ ಒಂದು ರಾಗ ಇತ್ತು. ಆಗ ಕುಲಶೇಖರದಲ್ಲಿ ಸಂಜೆಯಾದರೆ ಕರೆಂಟು ಹೋಗುವುದು ಮಾಮೂಲು. ಚಾವಡಿಯಲ್ಲಿ ಲಾಟೀನು ಹಚ್ಚಿಡುತ್ತಿದ್ದೆವು. ಊಟ ಆಗಿ ಎಲ್ಲರೂ ಚಾಪೆ ಹಾಸಿದ ಮೇಲೆ ಅಜ್ಜ ಬತ್ತಿ ಇಳಿಸುತ್ತಾ ಮೂಗಿನಲ್ಲೇ ಒಂದು ರಾಗ ಎಳೆಯುತ್ತಿದ್ದರು. ಪದ ಇರಲಿಲ್ಲ. ಯಾವುದೋ ಹಳೇ ಸಿನಿಮಾದ್ದು ಅಂತ ನಾವು ತಿಳಿದಿದ್ದೆವು. ಅಜ್ಜ ತೀರಿಹೋಗಿ 30 ವರ್ಷ ಆಯಿತು.

ಕಳೆದ ತಿಂಗಳು ಬಿಜೈಯಲ್ಲಿ ಸ್ನೇಹಿತರ ಮನೆಗೆ ಹೋಗಿದ್ದೆ. ಅವರಿಗೆ ಹಳೇ ರೆಕಾರ್ಡುಗಳ ಹುಚ್ಚು. ಒಂದು ಹಾಕಿದರು. ಮೊದಲ ಸಾಲಿಗೇ ನನಗೆ ಲಾಟೀನಿನ ಸೀಮೆಎಣ್ಣೆ ವಾಸನೆ ಬಂತು. ಸುಳ್ಳಲ್ಲ, ನಿಜವಾಗಿ ಬಂತು. ಹಾಡಿನ ಹೆಸರು ‘ಲಿಲಿ ಮರ್ಲೀನ್’. ಹಾಡಿದವರು ಲಾಲೆ ಆಂಡರ್ಸನ್ ಎಂಬ ಜರ್ಮನ್ ಗಾಯಕಿ. ಅಜ್ಜ ಯಾರ ಮೇಲೆ ಯುದ್ಧಕ್ಕೆ ಹೋಗಿದ್ದರೋ ಅವರದೇ ಹಾಡು!

ಅಂದಿನಿಂದ ಇದರ ಬೆನ್ನು ಹಿಡಿದಿದ್ದೇನೆ. ಹಾಡು ಹುಟ್ಟಿದ್ದು ಎರಡನೇ ಯುದ್ಧದಲ್ಲಿ ಅಲ್ಲ, ಮೊದಲನೆಯದರಲ್ಲಿ. 1915ರಲ್ಲಿ ಹ್ಯಾಂಬರ್ಗಿನ ಹಾನ್ಸ್ ಲೈಪ್ ಎಂಬ ಹುಡುಗ ಬರ್ಲಿನ್ನಿನ ಬ್ಯಾರಕ್ ಒಂದರಲ್ಲಿ ಕಾವಲಿಗೆ ನಿಂತಿದ್ದ. ಮೊದಲು ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಇನ್ನೇನು ರಷ್ಯಾದ ಕಡೆ ಯುದ್ಧಕ್ಕೆ ಹೊರಡಬೇಕು. ಬ್ಯಾರಕ್ ಗೇಟಿನ ಮುಂದೆ ಒಂದು ದೀಪ. ಅದರ ಕೆಳಗೆ ತನ್ನ ಹುಡುಗಿಗೆ ವಿದಾಯ ಹೇಳುವ ಸಿಪಾಯಿಯ ಬಗ್ಗೆ ಪದ್ಯ ಬರೆದ. ಲಿಲಿ ಒಬ್ಬಳ ಹೆಸರು, ಮರ್ಲೀನ್ ಇನ್ನೊಬ್ಬಳದ್ದು. ಎರಡನ್ನೂ ಕೂಡಿಸಿ ಒಂದು ಹೆಸರು ಮಾಡಿದ.

ಪದ್ಯ ಪುಸ್ತಕದಲ್ಲಿ ಬಂದದ್ದು 1937ರಲ್ಲಿ. ಮರುವರ್ಷ ನೋರ್ಬರ್ಟ್ ಶುಲ್ಟ್ಸೆ ರಾಗ ಹಾಕಿದರು. 1939ರ ಆಗಸ್ಟಿನಲ್ಲಿ ರೆಕಾರ್ಡ್ ಆಯಿತು. ಮಾರಾಟವಾದದ್ದು 700ರಷ್ಟು ಪ್ರತಿ ಮಾತ್ರ.

1941ರ ಏಪ್ರಿಲಿನಲ್ಲಿ ಜರ್ಮನ್ ಸೈನ್ಯ ಬೆಲ್‌ಗ್ರೇಡನ್ನು ಹಿಡಿಯಿತು. ಅಲ್ಲಿನ ರೇಡಿಯೋ ನಿಲಯವನ್ನು ಸೈನಿಕರಿಗಾಗಿ ನಡೆಸಲು ಶುರು ಮಾಡಿದರು. ಹಾಕಲು ರೆಕಾರ್ಡುಗಳು ಸಾಲದು. ವಿಯೆನ್ನಾದಿಂದ ಒಂದು ಕಟ್ಟು ತರಿಸಿದರು, ಅದರಲ್ಲಿ ಇದೂ ಇತ್ತು. ಆ ಆಗಸ್ಟಿನಿಂದ ರಾತ್ರಿ 10 ಗಂಟೆಗೆ ಸ್ವಲ್ಪ ಮೊದಲು, ಪ್ರಸಾರ ಮುಗಿಸುವ ಹೊತ್ತಿಗೆ, ಈ ಹಾಡು ಬರಲು ಶುರುವಾಯಿತು. ನಾರ್ವೆಯಿಂದ ಆಫ್ರಿಕಾದವರೆಗೆ ಕೇಳುತ್ತಿತ್ತಂತೆ. ಮರುಭೂಮಿಯ ಈಚೆ ಬದಿಯಲ್ಲಿದ್ದ ಬ್ರಿಟಿಷ್ ಎಂಟನೇ ಸೈನ್ಯದವರೂ ರೇಡಿಯೋ ತಿರುಗಿಸಿ ಅದನ್ನೇ ಕೇಳಿದರು. ಆ ಎಂಟನೇ ಸೈನ್ಯದಲ್ಲಿ ನಮ್ಮ 4ನೇ ಮತ್ತು 5ನೇ ಭಾರತೀಯ ಡಿವಿಜನ್‌ಗಳೂ ಇದ್ದವು. ಅಲ್ಲೇ ಎಲ್ಲೋ ಒಂದು ಲಾರಿಯ ಪಕ್ಕದಲ್ಲಿ ಅಜ್ಜ ಕೂತಿದ್ದಿರಬೇಕು.

ನಿಮ್ಮ ಮನೆಯಲ್ಲಿ ಯುದ್ಧಕ್ಕೆ ಹೋಗಿ ಬಂದವರು ಹೀಗೆ ಹಾಡು ಹೊತ್ತು ತಂದದ್ದು ಉಂಟಾ? ದಯವಿಟ್ಟು ಬರೆಯಿರಿ.

ಮಲ್ಪೆ ದಕ್ಕೆ

ಓದಿ ಮೈ ಜುಮ್ ಅಂತು ಅಣ್ಣಾ. ನಮ್ಮ ಕಡೆಯಿಂದ ಯುದ್ಧಕ್ಕೆ ಹೋದವರ ಕಥೆ ನಾನು ಕೇಳಿದ್ದೇ ಕಡಿಮೆ. ಒಂದು ಪ್ರಶ್ನೆ. ಅಜ್ಜನಿಗೆ ಜರ್ಮನ್ ಬರುತ್ತಿರಲಿಲ್ಲ, ಅಲ್ವಾ? ಮಾತೇ ಗೊತ್ತಿಲ್ಲದ ಹಾಡು 50 ವರ್ಷ ನಾಲಿಗೆಯಲ್ಲಿ ಉಳಿಯುವುದು ಹೇಗೆ?

ಹಾರ್ಮೋನಿಯಂ ಮೇಷ್ಟ್ರು

ಮಲ್ಪೆಯವರ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ನಾನು ಉಡುಪಿಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವವನು. ನಿನ್ನೆ ರಾತ್ರಿ ಕೂತು ಈ ಹಾಡನ್ನು ಏಳೆಂಟು ಸಲ ಕೇಳಿದೆ.

ಆ ರೆಕಾರ್ಡು ಶುರುವಾಗುವುದೇ ಬ್ಯೂಗಲ್ ದನಿಯಿಂದ. ರಾತ್ರಿಯಾಯಿತು, ಎಲ್ಲರೂ ಬ್ಯಾರಕ್ಕಿಗೆ ಬನ್ನಿ ಅಂತ ಊದುವ ಕರೆ ಅದು. ಆ ದನಿಗೆ ಭಾಷೆ ಬೇಡ. ಯಾವ ಸೈನ್ಯದ ಸಿಪಾಯಿಯಾದರೂ ಅದರ ಅರ್ಥ ಹೊಟ್ಟೆಯಲ್ಲೇ ಗೊತ್ತಾಗುತ್ತದೆ. ಆಮೇಲೆ ತಾಳ. ನಾಲ್ಕರ ಎಣಿಕೆ, ಅಂದರೆ ಹೆಜ್ಜೆ ಹಾಕುವ ತಾಳವೇ. ಆದರೆ ಓಟ ಇಲ್ಲ. ಕಾವಲಿನವನು ಗೇಟಿನ ಮುಂದೆ ಅತ್ತ ಇತ್ತ ನಡೆದ ಹಾಗೆ ಹೋಗುತ್ತದೆ. ಆಂಡರ್ಸನ್ ಅವರ ದನಿಯಲ್ಲಿ ಕಸರತ್ತು ಇಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ ಹಾಡುತ್ತಾರೆ.

ಇನ್ನೊಂದು ಸಂಗತಿ ನನಗೆ ತುಂಬಾ ಹಿಡಿಸಿತು. ಪ್ರತಿ ನುಡಿಯ ಕೊನೆಯ ಸಾಲು ಎರಡು ಸಲ ಬರುತ್ತದೆ, ಆ ಹೆಸರು ಅಲ್ಲೇ ಬರುವುದು. ಲಿಲಿ ಮರ್ಲೀನ್. ಬಾಯಲ್ಲಿ ಹೇಳಿ ನೋಡಿ. ನಮ್ಮ ಜೋಗುಳದಲ್ಲಿ ಬರುವುದೂ ಇದೇ ಲಕಾರ. ಲಾಲಿ, ಲಲ್ಲೆ, ಲಾಲನೆ. ಮಗು ಮಲಗಿಸುವ ಅಕ್ಷರ. ಮಾತು ಗೊತ್ತಿಲ್ಲದ ನಿಮ್ಮ ಅಜ್ಜನ ಕಿವಿಗೆ ಅದು ತನ್ನ ತಾಯಿಯ ಹಾಡಿನ ಹಾಗೆ ಕೇಳಿರಬಹುದು.

ಕುಲಶೇಖರದ ಮೊಮ್ಮಗ

ಮೇಷ್ಟ್ರೇ, ಜೋಗುಳದ ಮಾತು ನನಗೆ ಹೊಳೆದೇ ಇರಲಿಲ್ಲ. ಅಜ್ಜ ಅದನ್ನು ಗುನುಗುತ್ತಿದ್ದದ್ದು ನಾವು ಮಲಗುವ ಹೊತ್ತಿಗೇ.

ಬಲ್ಮಠದ ಓದುಗ

ನಾನು ಸ್ವಲ್ಪ ಜರ್ಮನ್ ಕಲಿತವನು. ಹಾಡಿನ ಮಾತಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಗುಟ್ಟು ಇರುವುದು ಅಲ್ಲಿ.

ಐದು ನುಡಿಗಳಿವೆ. ಮೊದಲನೆಯದರಲ್ಲಿ ಬ್ಯಾರಕ್ಕಿನ ದೊಡ್ಡ ಗೇಟು, ಅದರ ಮುಂದೆ ಆ ದೀಪ. ಅದು ಈಗಲೂ ಅಲ್ಲೇ ಇದ್ದರೆ ನಾವು ಅಲ್ಲೇ ಸಿಗೋಣ ಅಂತಾನೆ. ಎರಡನೆಯದರಲ್ಲಿ ದೀಪದ ಬೆಳಕಿಗೆ ಇಬ್ಬರ ನೆರಳು ಒಂದಾಗಿ ಬಿದ್ದಿದೆ. ಮೂರನೆಯದರಲ್ಲಿ ಕಾವಲಿನವನು ಕೂಗುತ್ತಾನೆ: ಬ್ಯೂಗಲ್ ಊದಿದ್ದಾರೆ, ತಡವಾದರೆ ಮೂರು ದಿನ ಶಿಕ್ಷೆ. ‘ಬಂದೆ ಗೆಳೆಯಾ’ ಅಂತ ಇವನು ಓಡುತ್ತಾನೆ. ಅವಳ ಜೊತೆ ಹೋಗಲು ಎಷ್ಟು ಆಸೆಯಿತ್ತು ಅಂತ ಆಮೇಲೆ ಹೇಳಿಕೊಳ್ಳುತ್ತಾನೆ. ನಾಲ್ಕನೆಯದು ಬೇರೆ ಬಗೆ. ಆ ದೀಪಕ್ಕೆ ನಿನ್ನ ಹೆಜ್ಜೆ ಗೊತ್ತು, ನನ್ನನ್ನು ಅದು ಮರೆತು ಎಷ್ಟೋ ಕಾಲವಾಯಿತು. ನನಗೇನಾದರೂ ಆದರೆ ಆ ದೀಪದ ಕೆಳಗೆ ನಿನ್ನ ಜೊತೆ ನಿಲ್ಲುವವರು ಯಾರು?

ಐದನೆಯದರಲ್ಲಿ ಅವನು ಬದುಕಿಲ್ಲ. ಮಣ್ಣಿನ ಒಳಗಿನಿಂದ ಮಾತಾಡುತ್ತಾನೆ. ರಾತ್ರಿಯ ಮಂಜು ಸುಳಿಯುವಾಗ ನಾನು ಮತ್ತೆ ಆ ದೀಪದ ಹತ್ತಿರ ಬಂದು ನಿಲ್ಲುತ್ತೇನೆ, ಹಿಂದೆ ನಿಲ್ಲುತ್ತಿದ್ದ ಹಾಗೆ.

ಈಗ ಒಂದು ವಿಷಯ ಗಮನಿಸಿ. 1915ರಲ್ಲಿ ಬರೆದದ್ದು ಮೊದಲ ಮೂರು ನುಡಿ ಮಾತ್ರ. ಕೊನೆಯ ಎರಡನ್ನು ಲೈಪ್ ಪುಸ್ತಕ ಮಾಡುವಾಗ ಸೇರಿಸಿದರು. 1915ರಲ್ಲಿ ಅವರಿಗೆ ಇಪ್ಪತ್ತರ ಆಸುಪಾಸು, 1937ರಲ್ಲಿ ನಲವತ್ತು ದಾಟಿತ್ತು. ಹೊರಡುವ ಹುಡುಗ ಬರೆದ ಭಾಗದಲ್ಲಿ ಸಾವು ಇಲ್ಲ, ತಡವಾದರೆ ಮೂರು ದಿನ ಶಿಕ್ಷೆ ಅನ್ನುವ ಚಿಂತೆ ಮಾತ್ರ ಇದೆ. ಸಾವಿನ ಭಾಗ ಬರೆದವರು ಬದುಕಿ ಬಂದ ಮನುಷ್ಯ. ಬಾರದೆ ಉಳಿದ ಗೆಳೆಯರ ಪರವಾಗಿ ಬರೆದರು ಅಂತ ನನಗೆ ಅನಿಸುತ್ತದೆ.

ಹಾಡಿನಲ್ಲಿ ಎಲ್ಲೂ ಶತ್ರು ಇಲ್ಲ. ಗೆಲುವು ಇಲ್ಲ, ದೇಶದ ಹೆಸರೂ ಇಲ್ಲ. ಹಾಗಾಗಿ ಆಚೆಯವರು ಈಚೆಯವರು ಇಬ್ಬರಿಗೂ ಅದು ಹೊಂದಿತು.

ಮಂಗಳೂರಿನ ಮಾತು ಒಂದು ಹೇಳಿಬಿಡುತ್ತೇನೆ. ಲೈಪ್ ಬರ್ಲಿನ್ನಿನಲ್ಲಿ ಕಾವಲು ನಿಂತಿದ್ದ ಕಾಲಕ್ಕೇ, ನಮ್ಮ ಬಲ್ಮಠದ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಶತ್ರು ದೇಶದವರು ಅಂತ ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಕಳಿಸುತ್ತಿದ್ದರು. 1834ರಿಂದ ಈ ಊರಲ್ಲಿದ್ದು, ಹಂಚಿನ ಕಾರ್ಖಾನೆ, ಅಚ್ಚುಕೂಟ, ಶಾಲೆ ನಡೆಸಿದವರು. ಅವರು ಹೋಗುವಾಗಲೂ ಯಾವುದಾದರೂ ಗೇಟಿನ ಹತ್ತಿರ ಯಾರಾದರೂ ನಿಂತಿದ್ದಿರಬೇಕು. ನಾನು ಆ ದಾರಿಯಲ್ಲಿ ಹೋಗುವಾಗೆಲ್ಲ ಇದು ನೆನಪಾಗುತ್ತದೆ.

ಮೂಡುಬಿದಿರೆಯ ಅಕ್ಕ

ಬಲ್ಮಠದವರೇ, ಐದನೇ ನುಡಿಯ ಅರ್ಥ ಓದಿ ನಾನು ಮೊಬೈಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ನಮ್ಮ ತುಳುನಾಡಿನಲ್ಲಿ ತೀರಿಹೋದವರು ಕುಲೆಗಳಾಗಿ ಮನೆಗೆ ಬರುತ್ತಾರೆ ಅನ್ನುವ ನಂಬಿಕೆ. ಆಟಿ ತಿಂಗಳಲ್ಲಿ ನಮ್ಮ ಮನೆಯಲ್ಲಿ ಅವರಿಗೆ ಬಡಿಸುತ್ತೇವೆ. ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ದೀಪ ಇಟ್ಟು, ಬಾಗಿಲು ಎಳೆದು ಹೊರಗೆ ಬಂದು ನಿಲ್ಲುತ್ತೇವೆ. ಆ ಹೊತ್ತಿನಲ್ಲಿ ಯಾರೂ ಮಾತಾಡುವುದಿಲ್ಲ. ಹೊರಗೆ ಆಟಿಯ ಮಳೆ. ಒಳಗೆ ದೀಪದ ಹತ್ತಿರ ಅವರು ಬಂದಿದ್ದಾರೆ ಅಂತ ಚಿಕ್ಕಂದಿನಿಂದ ನಂಬಿದವಳು ನಾನು. ಹೆದರಿಕೆ ಆಗುತ್ತಿರಲಿಲ್ಲ. ಅಜ್ಜಿ ಬಂದು ಪತ್ರೊಡೆ ತಿಂದು ಹೋದರು ಅಂತ ಸಮಾಧಾನ. ಎಲ್ಲೋ ಜರ್ಮನಿಯ ಸಿಪಾಯಿ ದೀಪದ ಹತ್ತಿರ ಬಂದು ನಿಲ್ಲುತ್ತೇನೆ ಅಂದರೆ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು. ಯುದ್ಧದ ಹಾಡಿನಲ್ಲಿ ಯುದ್ಧ ಕಡಿಮೆ ಅಂದಿರಲ್ಲ, ನಮ್ಮಲ್ಲೂ ಹಾಗೇ. ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಅಮ್ಮ ಮತ್ತು ಚಿಕ್ಕಮ್ಮಂದಿರು ಕೋಟಿ ಚೆನ್ನಯರ ಪಾಡ್ದನ, ಅಂದರೆ ತುಳುವಿನ ಕಥೆಯ ಹಾಡು, ಹೇಳುತ್ತಿದ್ದರು. ಒಬ್ಬರು ಹೇಳಿದ್ದನ್ನು ಉಳಿದವರು ಎತ್ತಿಕೊಳ್ಳುವುದು. ಅವಳಿ ವೀರರ ಕಥೆ ಅದು, ಇಬ್ಬರೂ ಎಣ್ಮೂರಿನಲ್ಲಿ ಯುದ್ಧದಲ್ಲೇ ಹೋದವರು. ಆದರೆ ಪಾಡ್ದನ ಕತ್ತಿಯಿಂದ ಶುರುವಾಗುವುದಿಲ್ಲ, ತಾಯಿ ದೇಯಿ ಬೈದೆತಿಯಿಂದ ಶುರುವಾಗುತ್ತದೆ. ಅವಳ ಕಷ್ಟ, ಅವಳ ಮದ್ದಿನ ವಿದ್ಯೆ, ಅವಳ ಸಾವು. ಗದ್ದೆಯಲ್ಲಿದ್ದ ಹೆಂಗಸರ ಗಂಟಲು ಕಟ್ಟುತ್ತಿದ್ದದ್ದು ಅಲ್ಲಿಗೆ. ಹೊಡೆದಾಟದ ಭಾಗಕ್ಕೆ ಬಂದಾಗ ಕೈ ಚುರುಕಾಗುತ್ತಿತ್ತು, ಅಷ್ಟೇ.

ಮಾಜಿ ಫೌಜಿ, ಕಾರ್ಕಳ

ನಾನು 22 ವರ್ಷ ಸರ್ವಿಸ್ ಮಾಡಿ ಬಂದವನು. ಅದರಲ್ಲಿ ಜಾಸ್ತಿ ಕಾಶ್ಮೀರ. ಈ ಚರ್ಚೆ ನೋಡಿ ಬರೆಯದೆ ಇರಲು ಆಗಲಿಲ್ಲ.

ಸೈನಿಕರ ಹಾಡು ಅಂದಾಗ ನಾವು ಎರಡನ್ನು ಬೆರೆಸುತ್ತೇವೆ. ಸೈನಿಕರ ಬಗ್ಗೆ ಇರುವ ಹಾಡು ಬೇರೆ, ಸೈನಿಕರು ತಾವೇ ಹಾಡುವ ಹಾಡು ಬೇರೆ. ‘ಏ ಮೇರೆ ವತನ್ ಕೆ ಲೋಗೋ’ ಮೊದಲನೆಯ ಜಾತಿ. ಚೀನಾ ಯುದ್ಧ ಮುಗಿದ ಎರಡೇ ತಿಂಗಳಿಗೆ, 1963ರ ಜನವರಿ 27ರಂದು, ದೆಹಲಿಯಲ್ಲಿ ನೆಹರೂ ಅವರ ಮುಂದೆ ಲತಾ ಮಂಗೇಶ್ಕರ್ ಹಾಡಿದರು. ಪ್ರದೀಪ್ ಬರೆದದ್ದು, ಸಿ. ರಾಮಚಂದ್ರ ಅವರ ರಾಗ. ಅದು ಮನೆಯಲ್ಲಿ ಇರುವವರಿಗೆ ಹೇಳುವ ಹಾಡು, ಸತ್ತವರನ್ನು ನೆನೆಯಿರಿ ಅಂತ. ನಾನು ಕೇಳಿದಾಗಲೆಲ್ಲ ಎದ್ದು ನಿಲ್ಲುತ್ತೇನೆ. ಆದರೆ ಪೋಸ್ಟಿನಲ್ಲಿ ಯಾರೂ ಅದನ್ನು ಹಾಡುವುದನ್ನು ನಾನು ಕಾಣಲಿಲ್ಲ. ತನ್ನ ತಿಥಿಯ ಹಾಡನ್ನು ತಾನೇ ಯಾರು ಹಾಡುತ್ತಾರೆ?

‘ಕದಮ್ ಕದಮ್ ಬಢಾಯೇ ಜಾ’ ಹೆಜ್ಜೆಯ ಹಾಡು. ನೇತಾಜಿಯವರ ಆಜಾದ್ ಹಿಂದ್ ಫೌಜಿನದು. ರಾಗ ಕೂರಿಸಿದವರು ರಾಮ್ ಸಿಂಗ್ ಠಾಕುರಿ, ಮೊದಲು ಗೂರ್ಖಾ ರೆಜಿಮೆಂಟಿನಲ್ಲಿ ಇದ್ದವರು. ಬ್ರಿಟಿಷರು ರಾಜದ್ರೋಹದ ಹಾಡು ಅಂತ ಅದನ್ನು ನಿಷೇಧಿಸಿದರು. ಈಗ ನಮ್ಮ ಸೈನ್ಯವೇ ಅದಕ್ಕೆ ಹೆಜ್ಜೆ ಹಾಕುತ್ತದೆ. ಹಗಲಿನಲ್ಲಿ, ಮೈದಾನದಲ್ಲಿ, ನೂರು ಬೂಟು ಒಟ್ಟಿಗೆ ಬೀಳುವಾಗ ಅದನ್ನು ಮೀರಿದ್ದಿಲ್ಲ.

ರಾತ್ರಿ ಬೇರೆ. ಸಂತ್ರಿ ಡ್ಯೂಟಿ ಎರಡೆರಡು ಗಂಟೆ. ಹಿಮ ಬಿದ್ದಿರುತ್ತದೆ. ರೈಫಲ್ ಮುಟ್ಟಿದರೆ ಕೈ ಸುಡುವಷ್ಟು ಚಳಿ. ಆಗ ದೇಶ, ಗಡಿ ಯಾವುದೂ ನೆನಪಾಗುವುದಿಲ್ಲ. ಮನೆಯ ಮೆಟ್ಟಿಲು ನೆನಪಾಗುತ್ತದೆ. ರಜೆ ಮುಗಿಸಿ ಹೊರಟ ದಿನ ಬಸ್ಸಿನ ಕಿಟಕಿಯಿಂದ ಕಂಡ ಮುಖ ನೆನಪಾಗುತ್ತದೆ. ಬಡಾಖಾನಾ, ಅಂದರೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಔತಣದ ದಿನ ಜವಾನರು ಎದ್ದು ಹಾಡುತ್ತಾರಲ್ಲ, ಹತ್ತರಲ್ಲಿ ಎಂಟು ಹಾಡು ಕಾಗದದ್ದು, ಹೆಂಡತಿಯದ್ದು, ತಾಯಿಯದ್ದು. ಅಧಿಕಾರಿಗಳೂ ತಡೆಯುವುದಿಲ್ಲ.

ಬೆಲ್‌ಗ್ರೇಡ್ ರೇಡಿಯೋ ಅಂದಾಗ ನನಗೆ ಕೂಡಲೇ ನೆನಪಾದದ್ದು ವಿವಿಧ ಭಾರತಿಯ ‘ಜಯಮಾಲಾ’. ಸಂಜೆ ಏಳರ ಮೇಲೆ ಬರುತ್ತಿತ್ತು, ಫೌಜಿಗಳು ಬರೆದು ಕೇಳಿದ ಹಾಡುಗಳು. ನಿಮ್ಮ ಹೆಸರು, ಯೂನಿಟ್ಟು ಹೇಳಿ ಹಾಡು ಹಾಕಿದರೆ ಬಂಕರಿನಲ್ಲಿ ಹಬ್ಬ. ಗಡಿಯ ಆಚೆಗೂ ಅದು ಕೇಳುತ್ತಿರಲಿಲ್ಲವೇ? ಖಂಡಿತ ಕೇಳುತ್ತಿತ್ತು. ಆಚೆಯವರೂ ಕಿವಿಗೊಟ್ಟಿರುತ್ತಾರೆ ಅಂತ ನಾವೆಲ್ಲ ನಂಬಿದ್ದೆವು. ಅವರ ರೇಡಿಯೋದ ಗಜಲುಗಳನ್ನು ನಾವು ಕೇಳುತ್ತಿದ್ದೆವಲ್ಲ!

ಕುಲಶೇಖರದ ತಮ್ಮಾ, ನಿನ್ನ ಅಜ್ಜನಿಗೆ ನನ್ನ ಒಂದು ಸಲ್ಯೂಟ್. ಆ ಯುದ್ಧದಲ್ಲಿ ನಮ್ಮವರು 25 ಲಕ್ಷ ಜನ ಇದ್ದರು. ಎಲ್ಲರೂ ತಾವಾಗಿ ಸೇರಿದವರು. ಕದ್ರಿ ಗುಡ್ಡದ ಯುದ್ಧ ಸ್ಮಾರಕಕ್ಕೆ ಹೂ ಇಡುವಾಗ ನಾನು ಅವರನ್ನೂ ನೆನೆಯುತ್ತೇನೆ.

ಕುಲಶೇಖರದ ಮೊಮ್ಮಗ

ಸರ್, ಇದನ್ನು ನನ್ನ ಅಪ್ಪನಿಗೆ ಓದಿ ಹೇಳಿದೆ. ಅವರು ಮುಖ ಆಚೆ ತಿರುಗಿಸಿಕೊಂಡರು. ಸಲ್ಯೂಟ್ ತಲುಪಿತು.

ಇತಿಹಾಸ ಪಾಠ, ಮಣಿಪಾಲ

ಎಲ್ಲರ ಮಾತೂ ಮನಸ್ಸಿಗೆ ಹತ್ತಿರವಾಯಿತು. ಆದರೂ ಒಂದು ಕಹಿ ವಿಷಯ ಹೇಳಬೇಕು, ಯಾರೂ ತಪ್ಪು ತಿಳಿಯಬೇಡಿ.

ಆ ಬೆಲ್‌ಗ್ರೇಡ್ ಸುಮ್ನೆ ಒಂದು ರೇಡಿಯೋ ನಿಲಯದ ಹೆಸರಲ್ಲ. 1941ರ ಏಪ್ರಿಲ್ 6ರಂದು, ಒಂದು ಭಾನುವಾರ, ಜರ್ಮನ್ ವಿಮಾನಗಳು ಆ ಊರಿನ ಮೇಲೆ ಬಾಂಬು ಸುರಿದವು. ಸಾವಿರಾರು ಜನ ಸತ್ತರು. ಆ ಚಳಿಗಾಲದಲ್ಲಿ ಸಾವಾ ನದಿಯ ಆಚೆ ದಡದ ಸೈಮಿಷ್ಟೆ ಎಂಬಲ್ಲಿ, ಹಳೇ ವಸ್ತುಪ್ರದರ್ಶನದ ಕಟ್ಟಡಗಳಲ್ಲಿ, ಯಹೂದಿ ಹೆಂಗಸರನ್ನೂ ಮಕ್ಕಳನ್ನೂ ಕೂಡಿಹಾಕಿದರು. 1942ರ ವಸಂತದಲ್ಲಿ ಅವರನ್ನು ಬೇರೆ ಶಿಬಿರಕ್ಕೆ ಕರೆದೊಯ್ಯುತ್ತೇವೆ ಅಂತ ಲಾರಿ ಹತ್ತಿಸಿ, ಒಳಗೆ ಹೊಗೆ ಬಿಟ್ಟು ಕೊಂದರು. ಅದೇ ಊರು. ಅದೇ ರಾತ್ರಿಗಳು. ಹತ್ತು ಗಂಟೆಗೆ ಮೊದಲು ಅದೇ ಹಾಡು.

ರಾಗ ಹಾಕಿದ ಶುಲ್ಟ್ಸೆ ಇಂಗ್ಲೆಂಡಿನ ಮೇಲೆ ಬಾಂಬು ಹಾಕುವುದನ್ನು ಹೊಗಳುವ ಹಾಡಿಗೂ ಸಂಗೀತ ಕೊಟ್ಟವರು. ಹಾಡು ಕೇಳಿ ಕಣ್ಣೀರಿಟ್ಟ ಕೈಗಳೇ ಬೆಳಿಗ್ಗೆ ಎದ್ದು ಏನು ಮಾಡಿದವು ಅನ್ನುವುದೂ ನಮ್ಮ ನೆನಪಿನಲ್ಲಿ ಇರಬೇಕು. ‘ಈ ಹಾಡು ಇಬ್ಬರನ್ನೂ ಒಂದು ಮಾಡಿತು’ ಅಂತ ಹೇಳಿ ಮುಗಿಸಿದರೆ ಸೈಮಿಷ್ಟೆಯ ಮಕ್ಕಳು ಕಥೆಯಿಂದ ಹೊರಗೆ ಉಳಿಯುತ್ತಾರೆ.

ಮೂಡುಬಿದಿರೆಯ ಅಕ್ಕ

ಹೇಳಿದ್ದು ಒಳ್ಳೆಯದಾಯಿತು. ನನಗೆ ಇದು ಗೊತ್ತಿರಲಿಲ್ಲ. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು.

ಬಲ್ಮಠದ ಓದುಗ

ಮಣಿಪಾಲದವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಅದರ ಜೊತೆಗೇ ಇದನ್ನೂ ಇಡುತ್ತೇನೆ. ನಾಜಿ ಪ್ರಚಾರ ಮಂತ್ರಿ ಗೋಬೆಲ್ಸ್‌ಗೆ ಈ ಹಾಡು ಕಂಡರೆ ಆಗುತ್ತಿರಲಿಲ್ಲ. ಸಿಪಾಯಿಯ ಎದೆಯನ್ನು ಇದು ಮೆತ್ತಗೆ ಮಾಡುತ್ತದೆ, ಸಾವಿನ ವಾಸನೆ ಇದೆ ಅಂತ. ಪ್ರಸಾರ ನಿಲ್ಲಿಸಿದಾಗ ಸಿಪಾಯಿಗಳಿಂದ ಕಾಗದಗಳ ರಾಶಿ ಬಂತು, ಮತ್ತೆ ಹಾಕಬೇಕಾಯಿತು. ಆಫ್ರಿಕಾದಲ್ಲಿದ್ದ ಅವರ ಸೇನಾಪತಿ ರೊಮ್ಮೆಲ್‌ಗೂ ಹಾಡು ಇಷ್ಟವಿತ್ತು.

ಲಾಲೆ ಆಂಡರ್ಸನ್ ಅವರ ಪಾಡು ಸುಲಭದ್ದಾಗಿರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿದ್ದ ಯಹೂದಿ ಸ್ನೇಹಿತರಿಗೆ ಕಾಗದ ಬರೆಯುತ್ತಿದ್ದರು ಅನ್ನುವ ಕಾರಣಕ್ಕೆ 1942ರಲ್ಲಿ ಅವರು ಎಲ್ಲೂ ಹಾಡಬಾರದು ಅಂತ ಆಯಿತು. ಅವರು ಜೀವ ಕಳೆದುಕೊಳ್ಳಲು ಹೊರಟು ಉಳಿದರು. ಅವರನ್ನು ಶಿಬಿರಕ್ಕೆ ಹಾಕಿದ್ದಾರೆ ಅಂತ ಬಿಬಿಸಿ ಸುದ್ದಿ ಹೇಳಿತು. ಆಮೇಲೆ ಹಾಡಲು ಬಿಟ್ಟರು, ಆದರೆ ಈ ಒಂದು ಹಾಡನ್ನು ಮಾತ್ರ ಹಾಡಬಾರದು. ಇಡೀ ಯುರೋಪು ಯಾರ ದನಿಗೆ ಕಿವಿಗೊಟ್ಟಿತ್ತೋ ಅವರಿಗೇ ಆ ಹಾಡು ಇಲ್ಲ. ನೆನೆಸಿಕೊಳ್ಳಿ.

ಇತ್ತ ಬ್ರಿಟಿಷರಿಗೂ ಮುಜುಗರ. ತಮ್ಮ ಸಿಪಾಯಿಗಳು ಶತ್ರುವಿನ ಭಾಷೆಯಲ್ಲಿ ಹಾಡುವುದಾ ಅಂತ 1944ರಲ್ಲಿ ಟಾಮಿ ಕಾನರ್ ಅವರಿಂದ ಇಂಗ್ಲಿಷ್ ಮಾತು ಬರೆಸಿದರು. ಜರ್ಮನಿ ಬಿಟ್ಟು ಅಮೆರಿಕದವರಾಗಿದ್ದ ನಟಿ ಮರ್ಲೀನ್ ಡೀಟ್ರಿಶ್ ಅಮೆರಿಕದ ಸಿಪಾಯಿಗಳಿಗೆ ಹಾಡಿದರು. ಇಟಲಿಯಲ್ಲಿದ್ದ ಎಂಟನೇ ಸೈನ್ಯದವರು ಅದೇ ರಾಗಕ್ಕೆ ತಮ್ಮದೇ ಮಾತು ಕಟ್ಟಿ, ತಮ್ಮನ್ನು ಮರೆತ ದೊಡ್ಡವರ ಮೇಲೆ ಸಿಟ್ಟು ತೀರಿಸಿಕೊಂಡರು. ಇಂಗ್ಲಿಷಿನದು ಚಂದದ ಪ್ರೇಮಗೀತೆ. ಆದರೆ ಅದರಲ್ಲಿ ಐದನೇ ನುಡಿಯ ಸತ್ತ ಸಿಪಾಯಿ ಇಲ್ಲ. ಅದೊಂದು ದೊಡ್ಡ ನಷ್ಟ ಅಂತ ನನ್ನ ಅಭಿಪ್ರಾಯ.

ಮಾಜಿ ಫೌಜಿ, ಕಾರ್ಕಳ

ನಮ್ಮವರು ಎರಡೂ ಕಡೆ ಇದ್ದರು ಅನ್ನುವುದನ್ನೂ ಸೇರಿಸಿ. ಆಫ್ರಿಕಾದಲ್ಲಿ ಸೆರೆ ಸಿಕ್ಕ ಭಾರತೀಯ ಸಿಪಾಯಿಗಳಲ್ಲಿ ಕೆಲವು ಸಾವಿರ ಮಂದಿ ಜರ್ಮನಿಯಲ್ಲಿ ನೇತಾಜಿ ಕಟ್ಟಿದ ದಳ ಸೇರಿದರು. 1942ರ ಸೆಪ್ಟೆಂಬರ್ 11ರಂದು ಹ್ಯಾಂಬರ್ಗಿನಲ್ಲಿ, ಈ ಪದ್ಯ ಬರೆದ ಲೈಪ್ ಅವರ ಊರಿನಲ್ಲೇ, ವಾದ್ಯವೃಂದದವರು ‘ಜನಗಣಮನ’ ನುಡಿಸಿದರು. ಸ್ವಾತಂತ್ರ್ಯಕ್ಕೆ ಇನ್ನೂ ಐದು ವರ್ಷ ಇತ್ತು. ಒಬ್ಬ ಕನ್ನಡಿಗ ಈ ದಂಡಿನಲ್ಲಿ, ಇನ್ನೊಬ್ಬ ಆ ದಂಡಿನಲ್ಲಿ ಇದ್ದು, ಒಂದೇ ರಾತ್ರಿ ಒಂದೇ ಹಾಡು ಕೇಳಿರಲಿಕ್ಕೂ ಸಾಕು.

ಮಲ್ಪೆ ದಕ್ಕೆ

ನಾನು ಎರಡು ದಿನದಿಂದ ಓದುತ್ತಾ ಇದ್ದೇನೆ. ಯುದ್ಧ ನನಗೆ ಗೊತ್ತಿಲ್ಲ. ಕಡಲು ಗೊತ್ತು.

ನಮ್ಮಲ್ಲಿ ಆಳಸಮುದ್ರದ ಬೋಟಿಗೆ ಹೋದರೆ ಹತ್ತು ದಿನ, ಹನ್ನೆರಡು ದಿನ. ಐಸು, ಡೀಸೆಲು, ಅಕ್ಕಿ ತುಂಬಿಸಿ ರಾತ್ರಿ ಹೊರಡುತ್ತಾರೆ. ದಕ್ಕೆಯ, ಅಂದರೆ ಬೋಟು ನಿಲ್ಲುವ ಕಟ್ಟೆಯ, ಲೈಟಿನ ಕೆಳಗೆ ನಿಂತು ನಾವು ನೋಡುವುದು. ನನ್ನ ಅಮ್ಮ ನಿಂತಿದ್ದಾರೆ, ಈಗ ನಾನು ನಿಲ್ಲುತ್ತೇನೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ‘ಸುವರ್ಣ ತ್ರಿಭುಜ’ ಬೋಟು 7 ಜನರ ಜೊತೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡೆ ನೀರಿನಡಿ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ. ನಡುವಿನ ಅಷ್ಟೂ ತಿಂಗಳು ಇಲ್ಲಿನ ಮನೆಗಳಲ್ಲಿ ಹೇಗಿತ್ತು ಅಂತ ನಾನು ಕಂಡಿದ್ದೇನೆ. ಹೊರಗಿನ ಬಲ್ಬು ಆರಿಸಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ.

ಅದಕ್ಕೇ ನನಗೆ ನಾಲ್ಕನೇ ನುಡಿ ತಡೆಯಲು ಆಗುತ್ತಿಲ್ಲ. ‘ನಿನ್ನ ಜೊತೆ ನಿಲ್ಲುವವರು ಯಾರು’ ಅಂತ ಕೇಳುತ್ತಾನಲ್ಲ. ಹೋದವನ ಚಿಂತೆ ತನ್ನದಲ್ಲ, ನಿಂತವಳದ್ದು. ಅವನು ಸಾಯುವ ಹೊತ್ತಿಗೂ ಅವಳು ಒಬ್ಬಳೇ ಕತ್ತಲಲ್ಲಿ ನಿಂತಿದ್ದಾಳೆ ಅಂತ ಯೋಚಿಸುತ್ತಾನೆ. ಅದು ಜರ್ಮನ್ ಆದರೇನು, ಮೊಗವೀರ ಆದರೇನು?

ಮಣಿಪಾಲದ ಸರ್ ಹೇಳಿದ್ದೂ ಮನಸ್ಸಿನಿಂದ ಹೋಗುವುದಿಲ್ಲ. ಆ ಲಾರಿ ಹತ್ತಿದ ಹೆಂಗಸರೂ ಯಾರಿಗೋ ಕಾಯುತ್ತಿದ್ದವರೇ.

ಹಾರ್ಮೋನಿಯಂ ಮೇಷ್ಟ್ರು

ಮಲ್ಪೆಯ ತಂಗೀ, ನೀವು ಬರೆದದ್ದನ್ನು ಓದಿದ ಮೇಲೆ ನಿನ್ನೆ ನುಡಿಸಲು ಕೂತವನಿಗೆ ಕೊನೆಯ ಸಾಲು ನುಡಿಸಲು ಆಗಲಿಲ್ಲ. ಇವತ್ತು ಬೆಳಿಗ್ಗೆ ನುಡಿಸಿದೆ.

ಇತಿಹಾಸ ಪಾಠ, ಮಣಿಪಾಲ

ಮಲ್ಪೆಯವರು ಎರಡನ್ನೂ ಒಟ್ಟಿಗೆ ಹಿಡಿದರು. ನಾನು ಬಯಸಿದ್ದೂ ಅಷ್ಟೇ. ಧನ್ಯವಾದ.

ಕುಲಶೇಖರದ ಮೊಮ್ಮಗ

ನಿನ್ನೆ ಭಾನುವಾರ ವಾಮಂಜೂರಿಗೆ ಅತ್ತೆಯ ಮನೆಗೆ ಹೋಗಿದ್ದೆ. ಅಜ್ಜನ ಹಿರಿಯ ಮಗಳು ಅವರು. ಈಗ 76 ವರ್ಷ. ಊಟ ಆದ ಮೇಲೆ ಏನೂ ಹೇಳದೆ ಮೊಬೈಲಿನಲ್ಲಿ ಹಾಡು ಹಾಕಿದೆ.

ಅತ್ತೆ ಎಲೆ ಅಡಿಕೆಗೆ ಸುಣ್ಣ ಹಚ್ಚುತ್ತಿದ್ದರು. ಬ್ಯೂಗಲ್ ಬಂತು, ಅವರಿಗೆ ಏನೂ ಅನಿಸಲಿಲ್ಲ. ರಾಗ ಶುರುವಾದದ್ದೇ ಕೈ ನಿಂತಿತು. ಪೂರ್ತಿ ಮುಗಿಯುವವರೆಗೆ ಎಲೆ ಕೈಯಲ್ಲೇ ಇತ್ತು. ಆಮೇಲೆ ಹೇಳಿದರು, ‘ಇವರು ತುಂಬಾ ಬೇಗ ಹಾಡುತ್ತಾರೆ. ಅಪ್ಪ ಇನ್ನೂ ನಿಧಾನ.’

ನನಗೆ ಗೊತ್ತಿಲ್ಲದ ಒಂದು ಸಂಗತಿ ಅವರು ಹೇಳಿದರು. ಅಜ್ಜ ಮಿಲಿಟರಿಯಿಂದ ಬಂದ ಹೊಸದರಲ್ಲಿ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲವಂತೆ. ಇದನ್ನು ಅತ್ತೆಗೆ ಹೇಳಿದವರು ಅಜ್ಜಿ. ಲಾಟೀನು ಆರಿಸಲು ಬಿಡುತ್ತಿರಲಿಲ್ಲ, ಕತ್ತಲೆಯಾದರೆ ಎದ್ದು ಕೂರುತ್ತಿದ್ದರು. ಅಜ್ಜಿ ಮದುವೆಯಾಗಿ ಬಂದ ಮೇಲೂ ಒಂದು ವರ್ಷ ಹಾಗೇ. ಹಿರಿಯ ಮಗು ಹುಟ್ಟಿದ ಮೇಲೆ, ದೀಪ ಇದ್ದರೆ ಮಗು ಮಲಗುವುದಿಲ್ಲ ಅಂತ ಅಜ್ಜಿ ಜಗಳ ಮಾಡಿದರಂತೆ. ಅಂದಿನಿಂದ ಅಜ್ಜ ತಾವೇ ಬತ್ತಿ ಇಳಿಸಲು ಶುರು ಮಾಡಿದರು. ಬತ್ತಿ ಇಳಿಸಲು ಎಷ್ಟು ಹೊತ್ತು ಬೇಕು? ಅಜ್ಜನಿಗೆ ಆ ಹಾಡಿನಷ್ಟು ಹೊತ್ತು ಬೇಕಿತ್ತು. ಸ್ವಲ್ಪ ಸ್ವಲ್ಪವೇ ಇಳಿಸುವುದು, ಗುನುಗುವುದು. ರಾಗ ಮುಗಿಯುವಾಗ ದೀಪ ಆರುತ್ತಿತ್ತು.

ಆ ಹಿರಿಯ ಮಗು ಅಂದರೆ ನನ್ನ ಅತ್ತೆಯೇ.

ಕೊನೆಯ ಸಾಲು ಎರಡು ಸಲ ಬರುತ್ತದೆ ಅಂತ ಮೇಷ್ಟ್ರು ಬರೆದಿದ್ದರಲ್ಲ. ಅಜ್ಜ ಒಂದೇ ಸಲ ಹೇಳುತ್ತಿದ್ದರಂತೆ. ಎರಡನೇ ಸಲಕ್ಕೆ ಕತ್ತಲೆ ಆಗಿರುತ್ತಿತ್ತು, ಅಲ್ಲಿಗೆ ನಿಲ್ಲಿಸುತ್ತಿದ್ದರು. ಅತ್ತೆ ಅದನ್ನು ಹಾಗೇ ಗುನುಗಿ ತೋರಿಸಿದರು. ದನಿ ನಡುಗುತ್ತದೆ, ಆದರೆ ರಾಗ ಒಂದು ಕೂದಲೂ ತಪ್ಪಿಲ್ಲ.

ಹಾರ್ಮೋನಿಯಂ ಮೇಷ್ಟ್ರು

ಅದನ್ನು ರೆಕಾರ್ಡ್ ಮಾಡಿಕೊಂಡಿರಾ? ದಯವಿಟ್ಟು ಮಾಡಿ. ಬೆಲ್‌ಗ್ರೇಡಿನಿಂದ ಮರುಭೂಮಿಗೆ, ಅಲ್ಲಿಂದ ಕುಲಶೇಖರಕ್ಕೆ ಬಂದ ರಾಗ ಅದು. ಹೋಗಲು ಬಿಡಬೇಡಿ.

ಕುಲಶೇಖರದ ಮೊಮ್ಮಗ

ನಿನ್ನೆ ಕೇಳಲು ನಾಲಿಗೆ ಏಳಲಿಲ್ಲ ಮೇಷ್ಟ್ರೇ. ಮುಂದಿನ ಭಾನುವಾರ ಮತ್ತೆ ಹೋಗುತ್ತೇನೆ. ಅಟ್ಟದ ಮೇಲೆ ಅಜ್ಜನ ಲಾಟೀನು ಇನ್ನೂ ಉಂಟು, ಗಾಜು ಒಡೆದಿದೆ. ಬರುವಾಗ ಕಾರ್‌ಸ್ಟ್ರೀಟಿನಲ್ಲಿ ಹೊಸ ಗಾಜು ಸಿಗುತ್ತದಾ ನೋಡಿ ತಾ ಅಂತ ಅತ್ತೆ ಹೇಳಿದ್ದಾರೆ.